ಹಳೇ ಕಂಪ್ಯೂಟರ್ ಚಿಪ್‌ಗಳ ನಂಬರ್ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಮಾತಿನಲ್ಲಿ, ಪತ್ರದಲ್ಲಿ, ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದೆ. ಇಲ್ಲಿ ಸಿಗುವ ಬೋರ್ಡ್‌ಗಳೆಂದರೆ ಎಸ್ಟೇಟ್ ಆಫೀಸಿನ ಹಳೇ ಕಂಪ್ಯೂಟರ್, ಕಾಫಿ ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿ, ಎಸ್‌ಟಿಡಿ ಬೂತಿನ ಬಿಲ್ಲಿಂಗ್ ಯಂತ್ರ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಕಾಲೇಜು ಲ್ಯಾಬಿನ 8085 ಪ್ರೊಸೆಸರ್ ಕಿಟ್, ಇಂಥವೇ. ಚಿಪ್ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಇರುವುದನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದೆ. ಹುಡುಕುವಾಗ ಚಿಪ್ ಮೇಲಿರುವಂತೆಯೇ ಟೈಪ್ ಮಾಡಿ. ಐಸಿ ಎಂದರೂ ಚಿಪ್ ಎಂದರೂ ಒಂದೇ.

## ಕೈಗೆ ಸಿಕ್ಕ ಕೂಡಲೆ

ಐಸಿ ಮೇಲೆ ನಾಲ್ಕು ಸಾಲು ಬರೆದುಂಟು. ಇದರಲ್ಲಿ ನಿಜವಾದ ನಂಬರ್ ಯಾವುದು?

ಸಾಮಾನ್ಯವಾಗಿ ಒಂದು ಚಿಪ್ ಮೇಲೆ ಐದು ಸಂಗತಿ ಇರುತ್ತವೆ: ಕಂಪನಿಯ ಲೋಗೋ, ಭಾಗದ ನಂಬರ್, ತಯಾರಾದ ವಾರದ ಕೋಡ್, ಲಾಟ್ ನಂಬರ್, ದೇಶದ ಹೆಸರು. ಇವುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಾಗಾಗಿ ಮೇಲಿನ ಸಾಲೇ ನಂಬರ್ ಎಂದು ಹಿಡಿಯಬೇಡಿ. ಅಕ್ಷರ, ಅಂಕಿ, ಮತ್ತೆ ಅಕ್ಷರ ಹೀಗೆ ಬೆರೆತಿರುವ ಸಾಲನ್ನು ಹುಡುಕಿ.

ಉದಾಹರಣೆಗೆ ಎಸ್‌ಎನ್74ಎಲ್‌ಎಸ್00ಎನ್. ಇದರಲ್ಲಿ ಎಸ್‌ಎನ್ ಎಂದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. 74 ಸಾಮಾನ್ಯ ಬಳಕೆಯ ಸರಣಿ, ಅಂದರೆ 0ರಿಂದ 70 ಡಿಗ್ರಿ ಸೆಲ್ಸಿಯಸ್. ಅದೇ ಜಾಗದಲ್ಲಿ 54 ಇದ್ದರೆ ಮೈನಸ್ 55ರಿಂದ 125 ಡಿಗ್ರಿ ತಡೆಯುವ ಮಿಲಿಟರಿ ದರ್ಜೆ. ಎಲ್‌ಎಸ್ ಒಳಗಿನ ತಂತ್ರಜ್ಞಾನ, 00 ಅದು ಮಾಡುವ ಕೆಲಸ (ನಾಲ್ಕು ನ್ಯಾಂಡ್ ಗೇಟ್), ಕೊನೆಯ ಎನ್ ಪ್ಲಾಸ್ಟಿಕ್ ಮೈ. ಡೇಟಾಶೀಟ್ (ಕಂಪನಿ ಕೊಡುವ ಚಿಪ್ಪಿನ ವಿವರಪತ್ರ) ಹುಡುಕಲು ಬೇಕಾದದ್ದು ನಡುವಿನ ತುಂಡು ಮಾತ್ರ. ಪೂರ್ತಿ ನಂಬರ್ ಹಾಕಿ ಏನೂ ಸಿಗದಿದ್ದರೆ ಮೊದಲು ಬಾಲ ಕತ್ತರಿಸಿ, ಆಮೇಲೆ ತಲೆ.

"ಮಲೇಷ್ಯಾ", "ಫಿಲಿಪೀನ್ಸ್", "ಎಲ್ ಸಾಲ್ವಡಾರ್" ಎಂದಿದ್ದರೆ ಅದು ಚಿಪ್ಪಿಗೆ ಮೈ ಹೊದಿಸಿದ ದೇಶ. ಒಳಗಿನ ಸಿಲಿಕಾನ್ ಬೇರೆಲ್ಲೋ ತಯಾರಾಗಿರುತ್ತದೆ. ನಕಲಿ ಎನ್ನಲು ಅದು ಕಾರಣವಲ್ಲ.

ಅಕ್ಷರ ಅಳಿಸಿ ಹೋದಂಗಿದೆ. ಓದೋಕೆ ಏನು ಮಾಡ್ಬೇಕು?

ಮೊದಲು ಏನನ್ನೂ ಹಚ್ಚಬೇಡಿ, ಫೋಟೋ ತೆಗೆಯಿರಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಬೋರ್ಡಿನ ಮಟ್ಟಕ್ಕೇ ಇಳಿಸಿ ಅಡ್ಡಡ್ಡ ಬೆಳಕು ಬಿಡಿ. ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೋ ತೆಗೆದು, ಫೋನಿನಲ್ಲೇ ಕಾಂಟ್ರಾಸ್ಟ್ ಏರಿಸಿ ನೋಡಿ. ಲೇಸರಿನಲ್ಲಿ ಕೆತ್ತಿದ ಅಕ್ಷರಗಳು ನೇರ ಬೆಳಕಿನಲ್ಲಿ ಮಾಯವಾಗಿ ಅಡ್ಡ ಬೆಳಕಿನಲ್ಲಿ ಎದ್ದು ಕಾಣುತ್ತವೆ.

ಸಿಗಲಿಲ್ಲವೆಂದರೆ ಬಾಯಿಯಿಂದ ಬಿಸಿ ಉಸಿರು ಬಿಡಿ. ಆವಿ ಕೂತು ಆರುವ ಎರಡು ಮೂರು ಸೆಕೆಂಡಿನಲ್ಲಿ ಅಕ್ಷರ ಮೂಡುತ್ತದೆ. ಡಿಸೆಂಬರ್ ಬೆಳಗಿನ ಮಡಿಕೇರಿ ಚಳಿಯಲ್ಲಿ ಈ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಚಿಪ್ಪನ್ನು ಐದು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆದರೂ ಸಾಕು, ಆದರೆ ಪೂರ್ತಿ ಒಣಗುವ ತನಕ ಕರೆಂಟ್ ಕೊಡಬಾರದು. ಮೂರನೆಯದು ಸೀಮೆಸುಣ್ಣ: ಮೆಲ್ಲಗೆ ಉಜ್ಜಿ, ಒಣ ಬೆರಳಿನಿಂದ ಮೇಲ್ಮೈ ಒರೆಸಿದರೆ ಗೀರಿನೊಳಗೆ ಪುಡಿ ಉಳಿಯುತ್ತದೆ.

ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರಾವಣ ಬೇಡವೇ ಬೇಡ. 1970, 80ರ ದಶಕದ ಶಾಯಿ ಒಂದೇ ಒರೆಸಿಗೆ ಹೋಗುತ್ತದೆ. ಜಿಡ್ಡು ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಕಡ್ಡಿಗೆ ತಾಗಿಸಿ ಮೂಲೆಯಲ್ಲಿ ಪರೀಕ್ಷಿಸಿ, ಶಾಯಿ ಏಳದಿದ್ದರೆ ಮಾತ್ರ ಮುಂದುವರಿಯಿರಿ.

ಅಟ್ಟದಲ್ಲಿ ಬಿದ್ದಿದ್ದ ಬೋರ್ಡು. ಐಸಿ ಕಾಲೆಲ್ಲ ಕಪ್ಪು, ಮೇಲೆ ಬೂಷ್ಟು. ಕಿತ್ತು ತೊಳೀಬಹುದಾ?

ಕೀಳುವ ಮೊದಲು ಬೋರ್ಡಿನ ಪೂರ್ತಿ ಫೋಟೋ ಬೇಕು. ಯಾವ ಐಸಿ ಯಾವ ಸಾಕೆಟ್ಟಿನಲ್ಲಿ, ಯಾವ ಕಡೆಗೆ ಮುಖಮಾಡಿ ಇತ್ತು ಎನ್ನುವುದೇ ಅರ್ಧ ಗುರುತು.

ಕಪ್ಪು ಕಾಲು ಹೆಚ್ಚಾಗಿ ಬೆಳ್ಳಿ ಲೇಪನ ಕಿಲುಬಿದ್ದು, ಅದೇ ಚಿಪ್ ಸತ್ತಿರುವುದಕ್ಕೆ ಲಕ್ಷಣವಲ್ಲ. ಆದರೆ ಜೂನಿನಿಂದ ಸೆಪ್ಟೆಂಬರ್ ತನಕ ತೇವ ಕುಡಿದ ಕಾಲುಗಳು ಮೈ ಸೇರುವ ಜಾಗದಲ್ಲಿ ತೆಳುವಾಗಿ, ಕಿತ್ತರೆ ಮುರಿಯುತ್ತವೆ. ಸಾಕೆಟ್ಟಿನಲ್ಲಿದ್ದರೆ ಸ್ಕ್ರೂಡ್ರೈವರಿನಿಂದ ಒಂದೇ ತುದಿಯನ್ನು ಎತ್ತದೆ, ಎರಡೂ ತುದಿಯಿಂದ ಒಂದೊಂದು ಮಿಲಿಮೀಟರ್ ಸಡಿಲಿಸುತ್ತಾ ಬನ್ನಿ. ಬೆಸುಗೆ ಹಾಕಿದ್ದರೆ ಗುರುತಿಸುವ ಸಲುವಾಗಿ ಕೀಳಲೇಬೇಡಿ. ಕಪ್ಪನ್ನು ತೆಗೆಯಲು ಪೆನ್ಸಿಲ್ ರಬ್ಬರ್ ಸಾಕು, ಸ್ಯಾಂಡ್‌ಪೇಪರ್ ಬೇಡ. ಕಪ್ಪು ಸ್ಪಂಜಿನಲ್ಲಿ ಚುಚ್ಚಿಟ್ಟ ಐಸಿಗಳನ್ನು ಇವತ್ತೇ ಹೊರಗೆ ತೆಗೆಯಿರಿ; ಹಳೇ ಸ್ಪಂಜು ಕರಗಿ ಕಾಲು ತಿನ್ನುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಇಟ್ಟರೆ ಕಕ್ಕಡದ ಮಳೆಯನ್ನೂ ದಾಟುತ್ತವೆ.

ಒಂದನೇ ಕಾಲು ಯಾವುದು ಅಂತ ಹೇಗೆ ಹೇಳೋದು?

ಕಚ್ಚು ಇರುವ ತುದಿಯನ್ನು ಮೇಲಕ್ಕೆ ಹಿಡಿಯಿರಿ. ಮೇಲೆ ಎಡಗಡೆಯದು 1. ಎಡಸಾಲಿನಲ್ಲಿ ಕೆಳಗಿಳಿದು, ಬಲಸಾಲಿನಲ್ಲಿ ಮೇಲೆ ಹತ್ತಿ ಎಣಿಸಿ. ಕಚ್ಚು ಇಲ್ಲದೆ ಬರೀ ಚುಕ್ಕೆ ಇದ್ದರೆ ಚುಕ್ಕೆಯ ಪಕ್ಕದ್ದೇ 1. ಎರಡು ತುದಿಯಲ್ಲೂ ಗುಂಡು ಗುರುತು ಇರುವ ಮೈಗಳಿವೆ. ಅವು ಅಚ್ಚಿನ ಗುರುತು, ಆಗ ಕಚ್ಚನ್ನೇ ನಂಬಿ.

## ನಂಬರನ್ನು ಬಿಡಿಸುವುದು

ಮುಂದಿನ ಅಕ್ಷರ ನೋಡಿದ್ರೆ ಕಂಪನಿ ಗೊತ್ತಾಗುತ್ತಾ?

ಬಹುಪಾಲು ಗೊತ್ತಾಗುತ್ತದೆ. ಎಸ್‌ಎನ್ ಮತ್ತು ಟಿಎಂಎಸ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಡಿಎಂ, ಎಂಎಂ, ಐಎನ್‌ಎಸ್ ನ್ಯಾಷನಲ್ ಸೆಮಿಕಂಡಕ್ಟರ್. ಎಂಸಿ, ಎಂಸಿಎಂ ಮೊಟೊರೊಲಾ. ಸಿಡಿ ಎಂದರೆ 4000 ಸರಣಿ ಶುರುಮಾಡಿದ ಆರ್‌ಸಿಎ. ಎಎಂ ಎಂದರೆ ಎಎಂಡಿ, ಎಂಕೆ ಎಂದರೆ ಮಾಸ್ಟೆಕ್. ಜಪಾನಿನವರಲ್ಲಿ ಎಚ್‌ಡಿ (ಲಾಜಿಕ್), ಎಚ್‌ಎಂ (ರ್‍ಯಾಮ್), ಎಚ್‌ಎನ್ (ರೋಮ್) ಮೂರೂ ಹಿಟಾಚಿ, ಎಂಬಿ ಫುಜಿತ್ಸು, ಎಂ5 ಮಿತ್ಸುಬಿಶಿ, ಟಿಸಿ, ಟಿಎಂಎಂ ತೋಷಿಬಾ, ಎಲ್‌ಎಚ್ ಶಾರ್ಪ್, ಎಂಎಸ್‌ಎಂ ಓಕಿ.

ಆದರೆ ಕಂಪನಿ ತಿಳಿದ ಮಾತ್ರಕ್ಕೆ ಚಿಪ್ ತಿಳಿದಂತಲ್ಲ. ಒಂದೇ ಚಿಪ್ಪನ್ನು ಹಲವರು ಬೇರೆ ಬೇರೆ ನಂಬರಿನಲ್ಲಿ ಮಾಡಿದ್ದಾರೆ. ಜೈಲಾಗ್‌ನ ಝಡ್80 ಅದೇ ಕಂಪನಿಯಲ್ಲಿ ಝಡ್8400 ಆಯಿತು, ಮಾಸ್ಟೆಕ್‌ನಲ್ಲಿ ಎಂಕೆ3880, ಶಾರ್ಪ್‌ನಲ್ಲಿ ಎಲ್‌ಎಚ್0080, ಎನ್‌ಇಸಿಯಲ್ಲಿ ಡಿ780ಸಿ. ಪರದೆ ನಿಯಂತ್ರಿಸುವ ಮೊಟೊರೊಲಾ 6845 ಹಿಟಾಚಿಯಲ್ಲಿ ಎಚ್‌ಡಿ46505. ತಿರುಗುಮುರುಗೂ ಆಗುತ್ತದೆ, ನಂಬರ್ ಒಂದೇ ಇದ್ದು ಕೆಲಸ ಬೇರೆ: ಸಿಡಿ4016 ಅನಲಾಗ್ ಸ್ವಿಚ್, ಟಿಎಂಎಸ್4016 ಎರಡು ಕಿಲೋಬೈಟಿನ ಮೆಮೊರಿ. ತಲೆಯ ಅಕ್ಷರ ಬಿಟ್ಟು ಹುಡುಕುವಾಗ ಕಾಲಿನ ಸಂಖ್ಯೆ ಹೊಂದುತ್ತದೆಯೇ ನೋಡಬೇಕು ಎನ್ನುವುದು ಇದಕ್ಕೇ. ಮೊದಲನೆಯದಕ್ಕೆ 14 ಕಾಲು, ಎರಡನೆಯದಕ್ಕೆ 24.

7432 ಅಂತ ಇದೆ. ಇದು ಐಸಿ ನಂಬರಾ, 1974ನೇ ಇಸವಿಯಾ?

ಎರಡೂ ಆಗಬಹುದು. ತಯಾರಾದ ಕಾಲವನ್ನು ಬಹುತೇಕ ಕಂಪನಿಗಳು ನಾಲ್ಕು ಅಂಕಿಯಲ್ಲಿ ಬರೆಯುತ್ತವೆ: ಮೊದಲೆರಡು ವರ್ಷ, ಕೊನೆಯೆರಡು ವಾರ. 8326 ಎಂದರೆ 1983ರ 26ನೇ ವಾರ. ಹೀಗಾಗಿ 7404, 7432, 8048, 8212, 8226, 8251 ಇವೆಲ್ಲ ಚಿಪ್ ನಂಬರೂ ಹೌದು, ತಾರೀಖೂ ಹೌದು.

ಕೊನೆಯೆರಡು ಅಂಕಿ 53ಕ್ಕಿಂತ ಹೆಚ್ಚಿದ್ದರೆ ವಾರವಾಗಲು ಸಾಧ್ಯವಿಲ್ಲ. 8085, 8255, 7490 ನಿಶ್ಚಿಂತೆಯಿಂದ ಚಿಪ್ ನಂಬರ್. ಅಕ್ಷರ ಅಂಟಿಕೊಂಡಿರುವುದು ನಂಬರ್, ಒಂಟಿಯಾಗಿ ನಿಂತದ್ದು ತಾರೀಖು: ಡಿಎಂ7404ಎನ್ ಕೆಳಗೆ 7432 ಇದ್ದರೆ ಅದು 1974ರಲ್ಲಿ ಮಾಡಿದ 7404. ಇನ್ನೂ ಅನುಮಾನವಿದ್ದರೆ ಕಾಲು ಎಣಿಸಿ. 8251ಕ್ಕೆ 28 ಕಾಲು ಬೇಕು, ಕೈಯಲ್ಲಿರುವುದಕ್ಕೆ 16 ಇದ್ದರೆ ಅದು 1982ರ 51ನೇ ವಾರವೇ.

ಮೂರೇ ಅಂಕಿ ಇದ್ದರೆ ಮೊದಲನೆಯದು ವರ್ಷದ ಕೊನೆಯ ಅಂಕಿ. 832 ಎನ್ನುವುದು 1978 ಅಥವಾ 1988. ಅಕ್ಕಪಕ್ಕದ ಚಿಪ್‌ಗಳನ್ನು ನೋಡಿ ತೀರ್ಮಾನಿಸಿ. ಬೋರ್ಡಿನಲ್ಲಿ ಎಲ್ಲಕ್ಕಿಂತ ಈಚಿನ ತಾರೀಖು ಯಾವುದೋ, ಬೋರ್ಡ್ ಜೋಡಿಸಿದ್ದು ಅದಾದ ಮೇಲೆ (ನಡುವೆ ಯಾರೂ ರಿಪೇರಿ ಮಾಡದಿದ್ದರೆ). ಇನ್ನೊಂದು ಗೊಂದಲ: ಇಂಟೆಲ್ ಚಿಪ್‌ಗಳ ಮೇಲೆ ವೃತ್ತದೊಳಗಿನ ಸಿ ಅಕ್ಷರದ ಪಕ್ಕ ಇರುವ ಇಸವಿ ವಿನ್ಯಾಸದ ಹಕ್ಕಿನದು. ಅದನ್ನು ನೋಡಿ "1976ರ ಚಿಪ್" ಎಂದು ಮಾರುವವರಿದ್ದಾರೆ, ಅದೇ ಮೈಮೇಲೆ 86 ಎಂದು ಶುರುವಾಗುವ ವಾರದ ಕೋಡ್ ಇದ್ದರೂ.

ಡಿ8255ಎಸಿ ಅಂತ ಉಂಟು. ಅಂಗಡಿಯವರು ಇಂಟೆಲ್ ಅಂತಾರೆ. ಹೌದಾ?

ಅಲ್ಲ, ಎನ್‌ಇಸಿ. ಆ ಕಂಪನಿಯ ಪೂರ್ತಿ ನಂಬರ್ ಮ್ಯೂಪಿಡಿ8255ಎಸಿ. ಚಿಪ್ ಮೇಲೆ ಮುಂದಿನ "ಮ್ಯೂಪಿ" ಬಿಟ್ಟು ಡಿ ಮಾತ್ರ ಅಚ್ಚುಹಾಕುತ್ತಿದ್ದರು. ರೇಡಿಯೋ ರಿಪೇರಿಯವರಿಗೆ ಇದು ಹೊಸತಲ್ಲ, 2ಎಸ್‌ಸಿ1815 ಟ್ರಾನ್ಸಿಸ್ಟರ್ ಮೇಲೆ ಸಿ1815 ಎಂದಷ್ಟೇ ಇರುತ್ತದಲ್ಲ. ಸಿ1458ಸಿ ಎಂದಿದ್ದರೆ ಅದೂ ಎನ್‌ಇಸಿಯದೇ, ಮ್ಯೂಪಿಸಿ1458.

ಇಂಟೆಲ್‌ನಲ್ಲಿ ಮೈಯ ಗುರುತು ಮುಂದೆ ಬರುತ್ತದೆ: ಪಿ ಪ್ಲಾಸ್ಟಿಕ್, ಡಿ ಎರಡು ಪದರದ ಬೂದು ಸೆರಾಮಿಕ್, ಸಿ ಲೋಹದ ಮುಚ್ಚಳದ ಸೆರಾಮಿಕ್. ಎನ್‌ಇಸಿಯಲ್ಲಿ ಹಿಂದೆ ಬರುತ್ತದೆ: ಸಿ ಪ್ಲಾಸ್ಟಿಕ್, ಡಿ ಸೆರಾಮಿಕ್. ಆದ್ದರಿಂದ ಮುಂದೆ ಡಿ ಇದ್ದು ಮೈ ಕಪ್ಪು ಪ್ಲಾಸ್ಟಿಕ್ ಆಗಿದ್ದರೆ ಎನ್‌ಇಸಿ ಎಂದೇ ಹಿಡಿಯಿರಿ. ಕೆಲಸದಲ್ಲಿ ಎರಡೂ ಒಂದೇ, ಬದಲಿಗೆ ಹಾಕಬಹುದು. ಸಂಗ್ರಹಕ್ಕೆಂದು ಹಣ ಕೊಡುವಾಗ ಮಾತ್ರ ವ್ಯತ್ಯಾಸ.

74ಎಲ್‌ಎಸ್244 ಬದಲು 74ಎಚ್‌ಸಿ244 ಸಿಕ್ತು. ನಡುವಿನ ಅಕ್ಷರ ಬೇರೆ ಆದ್ರೆ ತೊಂದರೆಯಾ?

ಕಾಲಿನ ಜೋಡಣೆ ಒಂದೇ, ವಿದ್ಯುತ್ ಗುಣ ಬೇರೆ. ಎಚ್‌ಸಿ ಚಿಪ್ಪಿಗೆ 5 ವೋಲ್ಟಿನಲ್ಲಿ "1" ಎಂದು ತಿಳಿಯಲು ಸುಮಾರು 3.5 ವೋಲ್ಟ್ ಬೇಕು. ಎಲ್‌ಎಸ್ ಚಿಪ್ 2.7 ವೋಲ್ಟಿನಷ್ಟೇ ಕೊಟ್ಟರೂ ಅದರ ಲೆಕ್ಕದಲ್ಲಿ ಸರಿ. ಫಲವಾಗಿ ಬೋರ್ಡ್ ಒಮ್ಮೆ ನಡೆಯುತ್ತದೆ, ಒಮ್ಮೆ ನಿಲ್ಲುತ್ತದೆ, ದೋಷ ಹಿಡಿಯಲು ವಾರ ಹೋಗುತ್ತದೆ. ಎಚ್‌ಸಿಟಿ ಹಾಕಿ, ಅದನ್ನು ಮಾಡಿರುವುದೇ ಹಳೇ ಟಿಟಿಎಲ್ ಚಿಪ್‌ಗಳ (74, 74ಎಲ್‌ಎಸ್ ಮುಂತಾದವು) ಜೊತೆ ಕೂಡಲಿ ಎಂದು. ಬರೀ 74, 74ಎಚ್, 74ಎಸ್ ಇದ್ದ ಜಾಗಕ್ಕೆ ಎಲ್‌ಎಸ್ ಹಾಕುವಾಗ ವೇಗ ಮತ್ತು ಮುಂದಿನ ಚಿಪ್‌ಗಳನ್ನು ಎಳೆಯುವ ಬಲ ಎರಡನ್ನೂ ನೋಡಬೇಕು.

4000 ಸರಣಿಯಲ್ಲಿ ಕೊನೆಯ ಬಿ ಎಂದರೆ ಬಫರ್ (ಸಂಕೇತಕ್ಕೆ ಬಲ ಕೊಡುವ ಹಂತ) ಇರುವುದು, ಯುಬಿ ಎಂದರೆ ಇಲ್ಲದ್ದು. ಕ್ರಿಸ್ಟಲ್ ಆಸಿಲೇಟರಿಗೆ ಯುಬಿಯನ್ನೇ ಹಾಕಿದ್ದರೆ ಅದನ್ನೇ ಹುಡುಕಿ.

ಕೊನೇಲಿ -15, -2, ಎ, ಬಿ ಅಂತೆಲ್ಲಾ ಇರುತ್ತಲ್ಲ, ಅದೇನು?

ವೇಗ. ಮೆಮೊರಿಯಲ್ಲಿ -15 ಎಂದರೆ 150 ನ್ಯಾನೊಸೆಕೆಂಡ್, -20 ಎಂದರೆ 200; ಸಣ್ಣ ಅಂಕಿ ವೇಗದ್ದು. ಪ್ರೊಸೆಸರಿನಲ್ಲಿ ಅಕ್ಷರ: ಝಡ್80 2.5 ಮೆಗಾಹರ್ಟ್ಸ್, ಝಡ್80ಎ 4, ಝಡ್80ಬಿ 6. 6502ಎ 2 ಮೆಗಾಹರ್ಟ್ಸ್. 8085ಎ 3 ಮೆಗಾಹರ್ಟ್ಸ್, 8085ಎ-2 ಅಂದರೆ 5. ನಿಧಾನದ ಜಾಗಕ್ಕೆ ವೇಗದ್ದು ಹಾಕಬಹುದು, ತಿರುಗಿಸಿ ಬೇಡ.

ಇಪ್ರೋಮ್‌ನಲ್ಲಿ (ಪ್ರೋಗ್ರಾಮ್ ಬರೆದಿಡುವ ಮೆಮೊರಿ ಚಿಪ್) "ಎ" ಬೇರೆ ಕಥೆ. 2732 ಬರೆಯಲು 25 ವೋಲ್ಟ್, 2732ಎಗೆ 21. 2764ಕ್ಕೆ 21, 2764ಎಗೆ 12.5. ಆ ಒಂದು ಅಕ್ಷರ ಗಮನಿಸದೆ ಬರೆಯಲು ಹೋದರೆ ಚಿಪ್ ಅಲ್ಲೇ ಸುಟ್ಟಿತು.

ಬಿಇಎಲ್, ಎಸ್‌ಸಿಎಲ್ ಅಂತ ಇದ್ದರೆ ನಮ್ಮ ದೇಶದ್ದಾ?

ಹೌದು. ಬಿಇಎಲ್ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಅಲ್ಲಿ ಟ್ರಾನ್ಸಿಸ್ಟರ್‌ಗಳ ಜೊತೆ ಐಸಿಗಳೂ ತಯಾರಾಗುತ್ತಿದ್ದವು. ಎಸ್‌ಸಿಎಲ್ ಪಂಜಾಬಿನ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್. ಅಲ್ಲಿನ ಕಾರ್ಖಾನೆ 1989ರ ಫೆಬ್ರವರಿಯಲ್ಲಿ ಬೆಂಕಿಗೆ ಸಿಕ್ಕಿತು. 1980ರ ದಶಕದ ತಾರೀಖಿರುವ ಎಸ್‌ಸಿಎಲ್ ಚಿಪ್ ಸಿಕ್ಕರೆ, ಕೆಟ್ಟಿದ್ದರೂ, ಗುಜರಿಗೆ ಹಾಕದಿರುವುದು ಒಳ್ಳೆಯದು.

ಅಕ್ಷರ ಇಂಗ್ಲಿಷ್ ಥರಾನೂ ಇಲ್ಲ. ರಷ್ಯಾದ್ದಾ?

ಇರಬಹುದು. ಸೋವಿಯತ್ ನಂಬರಿನಲ್ಲಿ ಕೆ ಅಕ್ಷರ, ಮೂರಂಕಿ ಸರಣಿ, ಎರಡು ರಷ್ಯನ್ ಅಕ್ಷರ, ಕೊನೆಗೆ ಅಂಕಿ ಇರುತ್ತದೆ. ಸರಣಿ 155 ಬರೀ 74ಕ್ಕೆ, 555 74ಎಲ್‌ಎಸ್‌ಗೆ, 561 4000ಕ್ಕೆ, 580 ಇಂಟೆಲ್ 8080 ಕುಟುಂಬಕ್ಕೆ ಸಮ. ಇವುಗಳ ಕಾಲಿನ ಅಂತರ 2.54 ಮಿಲಿಮೀಟರ್ ಅಲ್ಲ, 2.5. ಹದಿನಾಲ್ಕು ಕಾಲಿನಲ್ಲಿ ತಿಳಿಯುವುದಿಲ್ಲ. ನಲವತ್ತು ಕಾಲಿನದರಲ್ಲಿ ಒಂದು ಬದಿಗೇ ಮುಕ್ಕಾಲು ಮಿಲಿಮೀಟರ್ ವ್ಯತ್ಯಾಸ ಬಂದು ಸಾಕೆಟ್ಟಿನಲ್ಲಿ ಕೂರಲು ಹಠ ಮಾಡುತ್ತದೆ.

## ಮೆಮೊರಿ ಚಿಪ್‌ಗಳು

ಮೇಲೆ ಗಾಜಿನ ಕಿಟಕಿ ಇದೆ, ಅದರ ಮೇಲೆ ಸ್ಟಿಕರ್. ಕಿತ್ತು ನಂಬರ್ ನೋಡ್ಲಾ?

ನಿಲ್ಲಿ. ಇದು ಇಪ್ರೋಮ್, ಒಳಗೆ ಯಂತ್ರದ ಪ್ರೋಗ್ರಾಮ್ ಇದೆ. ಆ ಕಿಟಕಿಯ ಮೂಲಕ ಅತಿನೇರಳೆ ಬೆಳಕು ಬಿದ್ದರೆ ಅಳಿಸಿಹೋಗುತ್ತದೆ: ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರ, ಟ್ಯೂಬ್‌ಲೈಟಿನಲ್ಲಿ ಸುಮಾರು ಮೂರು ವರ್ಷ. ಕಾಫಿ ಕಣದಲ್ಲಿ ಒಣಗಲು ಹರಡಿಡುವ ಸಾಮಾನಲ್ಲ. ಸ್ಟಿಕರಿನ ಮೇಲಿನ ಬರಹ ಪ್ರೋಗ್ರಾಮಿನ ಹೆಸರು ಮತ್ತು ಆವೃತ್ತಿ. ಅದರ ಫೋಟೋ ತೆಗೆದು, ಒಂದು ಮೂಲೆ ಮಾತ್ರ ಎತ್ತಿ ನಂಬರ್ ಓದಿ, ಮತ್ತೆ ಒತ್ತಿ. ಅಂಟು ಒಣಗಿದ್ದರೆ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಹಾಕಿ.

ಅಳತೆ ತಿಳಿಯುವುದು ಸುಲಭ: 27ರ ಮುಂದಿನ ಅಂಕಿಯನ್ನು 8ರಿಂದ ಭಾಗಿಸಿದರೆ ಕಿಲೋಬೈಟ್. 2716 ಎರಡು, 2764 ಎಂಟು, 27256 ಮೂವತ್ತೆರಡು. 27ಸಿ ಎಂದಿದ್ದರೆ ಸಿಮಾಸ್ (ಕಡಿಮೆ ವಿದ್ಯುತ್ ಎಳೆಯುವ ತಂತ್ರಜ್ಞಾನ), ಲೆಕ್ಕ ಅದೇ.

ಇದರಲ್ಲಿ ಒಂದು ದೊಡ್ಡ ಬಲೆ ಉಂಟು. ಟೆಕ್ಸಾಸ್‌ನ ಟಿಎಂಎಸ್2716 ಬೇರೆಯವರ 2716 ಅಲ್ಲ. ಅದಕ್ಕೆ 5, 12, ಮೈನಸ್ 5 ಮೂರೂ ವೋಲ್ಟೇಜ್ ಬೇಕು. 19ನೇ ಕಾಲಿಗೆ 12, 21ನೇ ಕಾಲಿಗೆ ಮೈನಸ್ 5. ಸಾಮಾನ್ಯ ರೀಡರಿಗೆ ಹಾಕಿದರೆ ಓದುವುದಿಲ್ಲ, ಹಾಳೂ ಆಗಬಹುದು. ಇಂಟೆಲ್ 2716ಕ್ಕೆ ಸಮನಾದ ಟೆಕ್ಸಾಸ್ ಚಿಪ್ ಟಿಎಂಎಸ್2516. ಹಾಗೆಯೇ ಟಿಎಂಎಸ್2532ರ ಕಾಲಿನ ಜೋಡಣೆ 2732ರದ್ದಲ್ಲ. ಮೂರು ವೋಲ್ಟೇಜಿನ ಇನ್ನೊಂದು 2708.

ಓದುವಾಗ ಮೂರು ಸಲ ಓದಿ ಚೆಕ್‌ಸಮ್ (ಒಳಗಿನ ಅಂಕಿಗಳ ಒಟ್ಟು ಮೊತ್ತ) ಹೋಲಿಸಿ. ಪ್ರತಿ ಸಲ ಬೇರೆ ಬಂದರೆ ಕಾಲು ಕಿಲುಬಿದೆ ಅಥವಾ ಚಿಪ್ ಮರೆಯುತ್ತಿದೆ.

ಒಂದೇ ಥರದ ಎಂಟೊಂಬತ್ತು ಐಸಿ ಸಾಲಾಗಿ ಕೂತಿವೆ. ನಂಬರ್ ಯಾವ ಪಟ್ಟಿಯಲ್ಲೂ ಸಿಗ್ತಿಲ್ಲ.

ಹದಿನಾರು ಕಾಲಿನವಾದರೆ ಡೈನಾಮಿಕ್ ರ್‍ಯಾಮ್. ಒಂದೊಂದು ಚಿಪ್ ಒಂದೊಂದು ಬಿಟ್. ಒಂಬತ್ತನೆಯದು ತಪ್ಪು ಹಿಡಿಯುವ ಪ್ಯಾರಿಟಿ. 4116 ಗುಂಪಿಗೆ (ಎಂಟಕ್ಕೆ 16 ಕಿಲೋಬೈಟ್) ಹಿಟಾಚಿ ಎಚ್‌ಎಂ4716, ಫುಜಿತ್ಸು ಎಂಬಿ8116, ಎನ್‌ಇಸಿ ಡಿ416 ಸೇರುತ್ತವೆ. 4164 ಗುಂಪಿಗೆ (64 ಕಿಲೋಬೈಟ್) ಹಿಟಾಚಿ ಎಚ್‌ಎಂ4864, ಫುಜಿತ್ಸು ಎಂಬಿ8264, ಮೊಟೊರೊಲಾ ಎಂಸಿಎಂ6665.

ಎರಡನ್ನೂ ಅದಲು ಬದಲು ಮಾಡಬಾರದು. 4116ಕ್ಕೆ 1ನೇ ಕಾಲಿನಲ್ಲಿ ಮೈನಸ್ 5, 8ರಲ್ಲಿ 12, 9ರಲ್ಲಿ 5 ವೋಲ್ಟ್. 4164ಕ್ಕೆ 8ರಲ್ಲಿ 5 ಮಾತ್ರ. 4116ರ ಸಾಕೆಟ್ಟಿಗೆ 4164 ಹಾಕಿದರೆ 5 ವೋಲ್ಟಿನ ಕಾಲಿಗೆ 12 ಹೋಗುತ್ತದೆ. ಇನ್ನು 4116 ಬೋರ್ಡಿನಲ್ಲಿ ಮೈನಸ್ 5 ಸತ್ತು 12 ಉಳಿದಿದ್ದರೆ ಇಡೀ ಸಾಲು ಹಾಳಾಗುತ್ತದೆ. ಮೊದಲು ಅಳೆಯಬೇಕಾದದ್ದು ಅದನ್ನೇ.

ಟಿಎಂಎಸ್4532, ಎಂಸಿಎಂ6632 ಎಂದಿದ್ದರೆ ಅವು ಅರ್ಧ ಕೆಟ್ಟ 64ಕೆ ಚಿಪ್‌ಗಳು. ಒಳ್ಳೆಯ ಅರ್ಧವನ್ನು 32ಕೆ ಎಂದು ಮಾರಿದ್ದು. ಬೋರ್ಡಿನ ಜಂಪರ್ ಯಾವ ಅರ್ಧ ಎಂದು ಹೇಳುತ್ತದೆ. ಪೂರ್ತಿ ಒಳ್ಳೆಯ 4164 ಹಾಕಿದರೆ ಆ ತಲೆನೋವಿಲ್ಲ.

## ನಂಬರೇ ಸಹಾಯ ಮಾಡದಿದ್ದಾಗ

1820-0054 ಅಂತ ಇದೆ. ಯಾವ ಡೇಟಾಬುಕ್ಕಲ್ಲೂ ಇಲ್ಲ.

ಅದು ಹ್ಯೂಲೆಟ್ ಪ್ಯಾಕರ್ಡ್‌ನ ಸ್ವಂತ ನಂಬರ್, ಒಳಗಿರುವುದು ಸಾದಾ 7400. ದೊಡ್ಡ ಯಂತ್ರ ಕಂಪನಿಗಳು ಚಿಪ್ ಕೊಳ್ಳುವಾಗ ತಮ್ಮ ಸ್ಟೋರ್ ನಂಬರನ್ನೇ ಅಚ್ಚುಹಾಕಿಸುತ್ತಿದ್ದವು. ಎಚ್‌ಪಿಯಲ್ಲಿ 1820 ಡಿಜಿಟಲ್, 1826 ಅನಲಾಗ್, 1818 ಮೆಮೊರಿ. ಡಿಇಸಿಯಲ್ಲಿ (ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ) 19ರಿಂದ ಶುರುವಾದವು ಸಾಮಾನ್ಯ ಲಾಜಿಕ್, 23ರವು ಪ್ರೋಗ್ರಾಮ್ ತುಂಬಿದವು. ಕೊಮೊಡೋರ್ 64 ಕಂಪ್ಯೂಟರಿನ 906114-01 ಎನ್ನುವುದು ಅದರ ಪಿಎಲ್‌ಎ (ಒಳಗೆ ಸಮೀಕರಣ ತುಂಬಿದ ಲಾಜಿಕ್ ಚಿಪ್). ಇವನ್ನು ಬಿಡಿಸುವ ಅಡ್ಡಪಟ್ಟಿ ಆಯಾ ಯಂತ್ರದ ಸರ್ವಿಸ್ ಮ್ಯಾನ್ಯುಯಲಿನ ಬಿಡಿಭಾಗಗಳ ಅಧ್ಯಾಯದಲ್ಲಿರುತ್ತದೆ. ಹಳೇ ಮ್ಯಾನ್ಯುಯಲ್, ಡೇಟಾಬುಕ್‌ಗಳ ಸ್ಕ್ಯಾನ್ ಬಿಟ್‌ಸೇವರ್ಸ್ ಮತ್ತು ಇಂಟರ್ನೆಟ್ ಆರ್ಕೈವ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಚಿಪ್ ನಂಬರನ್ನು ಬಿಟ್ಟು ಯಂತ್ರದ ಮಾದರಿ ಹೆಸರಿನಿಂದ ಹುಡುಕಿ.

ನಲವತ್ತು ಕಾಲಿನ ಐಸಿ, ತಲೆ ಉಜ್ಜಿ ನಂಬರ್ ತೆಗೆದಿದ್ದಾರೆ. ಕಂಡುಹಿಡಿಯೋಕೆ ಆಗುತ್ತಾ?

ಬೋರ್ಡಿನ ಮೇಲಿದ್ದರೆ ಬಹುತೇಕ ಆಗುತ್ತದೆ. ಬಿಡಿಯಾಗಿ ಸಿಕ್ಕಿದ್ದರೆ ಕಷ್ಟ.

ಕರೆಂಟ್ ತೆಗೆಯಿರಿ, ಬ್ಯಾಟರಿ ಇದ್ದರೆ ಅದನ್ನೂ. ಮಲ್ಟಿಮೀಟರನ್ನು ಬೀಪ್‌ಗೆ ಇಡಿ. 7805 ರೆಗ್ಯುಲೇಟರ್ ಇದ್ದರೆ ಅದರ ನಡುಕಾಲು ಗ್ರೌಂಡ್, ಬರಹ ನಿಮ್ಮತ್ತ ಇರುವಾಗ ಬಲಗಾಲು 5 ವೋಲ್ಟ್. ಒಂದು ಮೊನೆ ಗ್ರೌಂಡಿಗೆ ಇಟ್ಟು ಇನ್ನೊಂದನ್ನು ನಲವತ್ತೂ ಕಾಲಿನ ಮೇಲೆ ಓಡಿಸಿ, ಬೀಪ್ ಆದದ್ದನ್ನು ಬರೆದುಕೊಳ್ಳಿ. ಆಮೇಲೆ 5 ವೋಲ್ಟಿನಿಂದ ಹಾಗೆಯೇ. ಬಳಸದ ಕಾಲುಗಳನ್ನೂ ಗ್ರೌಂಡಿಗೋ 5ಕ್ಕೋ ಕಟ್ಟಿರುತ್ತಾರೆ, ಆದ್ದರಿಂದ ಒಂದಕ್ಕಿಂತ ಹೆಚ್ಚು ಸಿಗುತ್ತವೆ. ದಪ್ಪ ಟ್ರ್ಯಾಕ್, ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರುವುದು ನಿಜವಾದ ಸಪ್ಲೈ.

ಈಗ ಹೊಂದಿಸಿ ನೋಡಿ. 5 ವೋಲ್ಟ್ 11ರಲ್ಲಿ, ಗ್ರೌಂಡ್ 29ರಲ್ಲಿ ಇದ್ದರೆ ಝಡ್80. ಈ ಜೋಡಿಗೆ ಗೊಂದಲವೇ ಇಲ್ಲ. ಗ್ರೌಂಡ್ 1 ಮತ್ತು 21, 5 ವೋಲ್ಟ್ 8 ಆದರೆ 6502 ಅಥವಾ 6800 ಬಳಗ. 38, 39ಕ್ಕೆ ಕ್ರಿಸ್ಟಲ್ ಹೋಗಿದ್ದರೆ 6802. ಗ್ರೌಂಡ್ 1, 5 ವೋಲ್ಟ್ 7 ಆದರೆ 6809. ಗ್ರೌಂಡ್ 2, ಮೈನಸ್ 5 11ರಲ್ಲಿ, 5 ವೋಲ್ಟ್ 20ರಲ್ಲಿ, 12 ವೋಲ್ಟ್ 28ರಲ್ಲಿ ಸಿಕ್ಕರೆ 8080. ಗ್ರೌಂಡ್ 7, 5 ವೋಲ್ಟ್ 26 ಎಂದರೆ ಪ್ರೊಸೆಸರೇ ಅಲ್ಲ, 8255 ಪೋರ್ಟ್ ಚಿಪ್. ಗ್ರೌಂಡ್ 1, 5 ವೋಲ್ಟ್ 20 ಆದರೆ 6522, 6821, 6845 ಮೂರರಲ್ಲಿ ಒಂದು ಇರಬಹುದು. ಮಾನಿಟರ್ ಕನೆಕ್ಟರ್ ಹತ್ತಿರವಿದ್ದರೆ ಮೂರನೆಯದರ ಮೇಲೆ ಅನುಮಾನ ಪಡಿ.

ಗ್ರೌಂಡ್ 20, 5 ವೋಲ್ಟ್ 40 ಬಂದರೆ ಕ್ರಿಸ್ಟಲ್ ಹುಡುಕಬೇಕು. 1 ಮತ್ತು 2ಕ್ಕೆ ಹೋದರೆ 8085. 2 ಮತ್ತು 3ಕ್ಕೆ ಹೋದರೆ 8048 ಬಳಗ. 18, 19ಕ್ಕೆ ಹೋದರೆ 8051 ಬಳಗ. 16, 17 ಆದರೆ 8250 ಸೀರಿಯಲ್ ಚಿಪ್. ಗ್ರೌಂಡ್ 1ರಲ್ಲೂ 20ರಲ್ಲೂ ಇದ್ದರೆ 8086 ಅಥವಾ 8088.

ಕೊನೆಯ ಖಾತ್ರಿಗೆ ಪಕ್ಕದ ಇಪ್ರೋಮ್ ಬಳಸಿ. 28 ಕಾಲಿನ ಇಪ್ರೋಮ್‌ನ ಡೇಟಾ 11, 12, 13 ಮತ್ತು 15ರಿಂದ 19. ಅವು ಗುಟ್ಟಿನ ಚಿಪ್ಪಿನ 12ರಿಂದ 19ಕ್ಕೆ ಹೋದರೆ 8085, 39ರಿಂದ 32ಕ್ಕೆ ಹೋದರೆ 8051, 33ರಿಂದ 26ಕ್ಕೆ ಹೋದರೆ 6502. ಮೊದಲೆರಡರಲ್ಲಿ ನಡುವೆ ಎಲ್ಲೋ ಒಂದು 74ಎಲ್‌ಎಸ್373 ಕೂಡ ಅದೇ ತಂತಿಗಳಿಗೆ ಸೇರಿರುತ್ತದೆ.

ಇಷ್ಟಾದ ಮೇಲೆ 8051 ಎಂದು ತಿಳಿದರೂ ಒಂದು ಕೇಳಬೇಕು: ಪಕ್ಕದಲ್ಲಿ ಇಪ್ರೋಮ್ ಉಂಟೋ ಇಲ್ಲವೋ? ಇದ್ದು, 31ನೇ ಕಾಲು ಗ್ರೌಂಡಿಗೆ ಕಟ್ಟಿದ್ದರೆ 8031 ಹಾಕಿದರೂ ನಡೆಯುತ್ತದೆ. ಇಲ್ಲದಿದ್ದರೆ ಪ್ರೋಗ್ರಾಮ್ ಚಿಪ್ಪಿನೊಳಗೇ ಇದೆ; ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಅದೇ ನಂಬರಿನ ಹೊಸ ಚಿಪ್ ತಂದು ಹಾಕಿದರೂ ತಕ್ಕಡಿ ತೂಗುವುದಿಲ್ಲ.

14 ಕಾಲಿನ ಸಣ್ಣ ಐಸಿಗೂ ಹೀಗೇ ಮಾಡಬಹುದಾ?

ಬಹುದು. ಹೆಚ್ಚಿನವುಗಳಿಗೆ 7 ಗ್ರೌಂಡ್, 14 ಸಪ್ಲೈ. 7490, 7493 ಬೇರೆ: 5 ವೋಲ್ಟ್ 5ರಲ್ಲಿ, ಗ್ರೌಂಡ್ 10ರಲ್ಲಿ. 7473ಕ್ಕೆ 4 ಮತ್ತು 11. ಗೇಟ್‌ಗಳಲ್ಲಿ ಔಟ್‌ಪುಟ್ 3, 6, 8, 11 ಆದರೆ 7400, 7408, 7432, 7486ರಲ್ಲೊಂದು. 1, 4, 10, 13 ಆದರೆ 7402. ಸಮಸಂಖ್ಯೆಯ ಆರು ಕಾಲಾದರೆ 7404ರ ಜಾತಿ. ಇನ್‌ಪುಟ್‌ಗಳನ್ನು ಗ್ರೌಂಡ್, 5 ಎಂದು ನಾಲ್ಕು ವಿಧದಲ್ಲಿ ಜೋಡಿಸಿದರೆ ಉಳಿದದ್ದು ತಿಳಿಯುತ್ತದೆ.

ಸುತ್ತಮುತ್ತ ನೋಡಿ ಊಹಿಸಿ ಅಂತೀರಿ. ಏನನ್ನ ನೋಡೋದು?

ಕ್ರಿಸ್ಟಲಿನ ಮೇಲಿನ ಅಂಕಿಯನ್ನು ಮೊದಲು. 6.144 ಮೆಗಾಹರ್ಟ್ಸ್ 8085 ಕಿಟ್‌ಗಳಲ್ಲಿ ಸಾಮಾನ್ಯ (ಒಳಗೆ ಅರ್ಧವಾಗಿ 3.072). 11.0592 ಎಂದರೆ 8051 ಮತ್ತು ಸೀರಿಯಲ್ ಸಂಪರ್ಕ. 1.8432 ಸೀರಿಯಲ್ ಚಿಪ್ಪಿಗೆ. 14.31818 ಪಿಸಿ ಬೋರ್ಡ್. 4.433 ಪಾಲ್ ಬಣ್ಣದ ಟಿವಿ. 32.768 ಕಿಲೋಹರ್ಟ್ಸ್ ಗಡಿಯಾರದ್ದು, ಪಕ್ಕದ ಚಿಪ್ ಸಮಯ ಇಡುವುದು.

ಆಮೇಲೆ ಕನೆಕ್ಟರ್. 1488, 1489 ಜೋಡಿ (ಟೆಕ್ಸಾಸ್‌ನಲ್ಲಿ 75188, 75189) ಕಂಡರೆ ಆರ್‌ಎಸ್232, ಅಂದರೆ ಸೀರಿಯಲ್ ಸಂಪರ್ಕ. ಅವುಗಳಿಂದ ಒಳಗೆ ಹೋಗುವ ತಂತಿ ಮುಟ್ಟುವ 28 ಕಾಲಿನದು 8251 ಆಗಿರುವ ಸಂಭವ ಹೆಚ್ಚು. ಹುಡುಕುತ್ತಿರುವ ಚಿಪ್ ಯುಎಲ್‌ಎನ್2003 ಹಿಂದೆ ಇದ್ದರೆ ಅದು ರಿಲೇ ಅಥವಾ ಪ್ರಿಂಟರ್ ತಲೆ ಓಡಿಸುವ ಪೋರ್ಟ್.

20 ಕಾಲಿನದ್ದು, ಪಿಎಎಲ್16ಎಲ್8 ಅಂತ ಇದೆ. ಹೊಸದು ತಂದು ಹಾಕಿದೆ, ನಡೀತಿಲ್ಲ.

ನಡೆಯುವುದಿಲ್ಲ. ಅದು ಖಾಲಿ ಬರುವ ಚಿಪ್, ಯಂತ್ರ ಮಾಡಿದವರು ಅದರೊಳಗೆ ತಮ್ಮ ಸಮೀಕರಣ ಬರೆದಿರುತ್ತಾರೆ. 16 ಇನ್‌ಪುಟ್ ತನಕ, ಎಲ್ ಎಂದರೆ ಔಟ್‌ಪುಟ್ ತಲೆಕೆಳಗು, 8 ಔಟ್‌ಪುಟ್. ನಂಬರ್ ಹೇಳುವುದು ಇಷ್ಟೇ. ಬಣ್ಣದ ಚುಕ್ಕೆಯೋ ಸ್ಟಿಕರೋ ಇದ್ದರೆ ಅದೇ ಅದರ ನಿಜವಾದ ಹೆಸರು. 82ಎಸ್123, 82ಎಸ್129 ಬೈಪೋಲಾರ್ ಪ್ರೋಮ್‌ಗಳಿಗೂ ಇದೇ ಮಾತು.

ಯುಎಸ್‌ಬಿ ಪ್ರೋಗ್ರಾಮರಿಗೆ ಹಾಕಿದ್ರೆ ತಾನೇ ಹೇಳಲ್ವಾ?

ಟಿಎಲ್866 ತರಹದವು 74 ಮತ್ತು 4000 ಸರಣಿಯನ್ನು ಪರೀಕ್ಷಿಸಿ ಹೆಸರು ಹೇಳುತ್ತವೆ. ಇಪ್ರೋಮ್ ವಿಷಯದಲ್ಲಿ ಎಚ್ಚರ: ಗುರುತು ಓದಲು ಅವು 9ನೇ ಅಡ್ರೆಸ್ ಕಾಲಿಗೆ 12 ವೋಲ್ಟ್ ಕೊಡುತ್ತವೆ, 1970ರ ದಶಕದ ಚಿಪ್‌ಗಳಲ್ಲಿ ಆ ವ್ಯವಸ್ಥೆಯೇ ಇಲ್ಲ. ಗುರುತು ಪರೀಕ್ಷೆಯ ಆಯ್ಕೆಯನ್ನು ತೆಗೆದುಹಾಕಿ, ನಂಬರನ್ನು ನೀವೇ ಆರಿಸಿ ಓದಿ.

ಆನ್‌ಲೈನಲ್ಲಿ ತರಿಸಿದ ಝಡ್80 ನಕಲಿನಾ?

ಝಡ್80 ಬಹುಶಃ ನಿಜವೇ, ಮೇಲಿನ ಬರಹ ಸುಳ್ಳಿರಬಹುದು. ನಿಧಾನದ್ದನ್ನು ಉಜ್ಜಿ ವೇಗದ್ದೆಂದು, ಹಳೇ ಎನ್‌ಮಾಸ್ ತಂತ್ರಜ್ಞಾನದ ಚಿಪ್ಪನ್ನು ಸಿಮಾಸ್ ಎಂದು ಬರೆಯುವುದು ಸಾಮಾನ್ಯ. ಜೈಲಾಗ್ ಈ ಸರಣಿಯ ಕೊನೆಯ ಆರ್ಡರ್‌ಗಳನ್ನು 2024ರಲ್ಲಿ ತೆಗೆದುಕೊಂಡಿತು.

ಲೆನ್ಸಿನಲ್ಲಿ ತಲೆ ನೋಡಿ: ಒಂದೇ ದಿಕ್ಕಿನ ಗೀರು, ಮುಚ್ಚಿಹೋದ ಚುಕ್ಕೆ, ತಳಕ್ಕಿಂತ ಬೇರೆ ಬಣ್ಣದ ತಲೆ ಇದ್ದರೆ ಅನುಮಾನಿಸಿ. ಮೇಲೆ ಒಂದೇ ಲಾಟ್, ತಳದ ಅಚ್ಚು ಬೇರೆ ಬೇರೆ ಇದ್ದರೆ ಅನುಮಾನವೇ ಬೇಡ. ಥಿನ್ನರಿಗೆ ಶಾಯಿ ಎದ್ದರೆ ನಕಲಿ ಎನ್ನುವ ಪರೀಕ್ಷೆಯನ್ನು ನಂಬಬೇಡಿ. ಅಸಲಿ ಹಳೇ ಶಾಯಿಯೂ ಏಳುತ್ತದೆ. ಝಡ್80ಗೆ ಪ್ರೋಗ್ರಾಮಿನ ಪರೀಕ್ಷೆ ಉಂಟು: ಇಡಿ 71 ಎಂಬ ಆದೇಶ ಕೊಟ್ಟರೆ ಎನ್‌ಮಾಸ್ ಚಿಪ್ ಪೋರ್ಟಿಗೆ 00 ಕಳಿಸುತ್ತದೆ, ಸಿಮಾಸ್ ಚಿಪ್ ಎಫ್‌ಎಫ್ ಕಳಿಸುತ್ತದೆ.

ಚಿನ್ನದ ಕಾಲಿನ ಬಿಳಿ ಐಸಿಗೆ ಗುಜರಿಯವರು ಒಳ್ಳೆ ರೇಟು ಹೇಳ್ತಿದ್ದಾರೆ. ಕೊಡ್ಲಾ?

ನಂಬರ್ ಓದುವ ತನಕ ಬೇಡ. ಗುಜರಿಯವರು ಕೊಡುವುದು ಮೇಲಿನ ಲೇಪನದ ಬೆಲೆ, ಅದು ತೀರಾ ತೆಳು. 1970ರ ದಶಕದ ಸೆರಾಮಿಕ್ ಪ್ರೊಸೆಸರಿಗೆ ಸಂಗ್ರಹಕಾರರು ಕೊಡುವುದು ಬೇರೆ ಲೆಕ್ಕ. ಹಾಗೆಂದು ಬಿಳಿಯದೆಲ್ಲ ನಿಧಿಯೂ ಅಲ್ಲ, ಸಾದಾ ಲಾಜಿಕ್ ಚಿಪ್ ಕೂಡ ಸೆರಾಮಿಕ್ ಮೈಯಲ್ಲಿ ಬಂದಿದೆ. ಕಾಲು ಕತ್ತರಿಸಿದರೆ, ಮುಚ್ಚಳ ಕೆರೆದರೆ ಆ ಲೆಕ್ಕ ಮುಗಿಯಿತು.

ಎಲ್ಲಾ ನೋಡಿದ್ದಾಯ್ತು, ಸಿಗಲಿಲ್ಲ. ಕೇಳೋದಾದ್ರೆ ಏನೇನು ಕಳಿಸ್ಬೇಕು?

ಬೋರ್ಡಿನ ಎರಡೂ ಬದಿಯ ಪೂರ್ತಿ ಫೋಟೋ, ಚಿಪ್ಪಿನ ಅಡ್ಡ ಬೆಳಕಿನ ಹತ್ತಿರದ ಫೋಟೋ, ಸಾಧ್ಯವಾದರೆ ತಳದ್ದೂ. ಮೇಲಿರುವ ಎಲ್ಲಾ ಸಾಲನ್ನು ಇದ್ದಂತೆಯೇ ಬರೆಯಿರಿ. 8 ಮತ್ತು ಬಿ, 0 ಮತ್ತು ಡಿ, 5 ಮತ್ತು ಎಸ್ ಅನುಮಾನವಿರುವಲ್ಲಿ ಎರಡನ್ನೂ ಕೊಡಿ. ಕಾಲಿನ ಸಂಖ್ಯೆ, ಎರಡು ಸಾಲುಗಳ ನಡುವಿನ ಅಗಲ (7.62 ಅಥವಾ 15.24 ಮಿಲಿಮೀಟರ್), ಗ್ರೌಂಡ್ ಮತ್ತು 5 ವೋಲ್ಟ್ ಸಿಕ್ಕ ಕಾಲುಗಳು, ಕ್ರಿಸ್ಟಲಿನ ಅಂಕಿ, ಯಂತ್ರ ಏನು ಮಾಡುತ್ತಿತ್ತು ಎನ್ನುವುದು ಬೇಕು. ವಾಟ್ಸಾಪಿನಲ್ಲಿ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಅದು ಕುಗ್ಗಿಸುವ ಚಿತ್ರದಲ್ಲಿ ಅಕ್ಷರ ಉಳಿಯುವುದಿಲ್ಲ.